ಹಳೆಯ ಕಾರಿನ ಗಣಕಪೆಟ್ಟಿಗೆ: ಒಂದು ದೋಷವಿಚಾರ

ಬೀದರಿನ ನೌಬಾದನ್ನು ದಾಟಿ ಕೊಳಾರದ ಕೈಗಾರಿಕಾ ಪ್ರದೇಶದತ್ತ ಸಾಗುವ ರಸ್ತೆಯ ಬದಿಯಲ್ಲಾಗಲಿ, ಭಾಲ್ಕಿಯಲ್ಲಾಗಲಿ, ಔರಾದದಲ್ಲಾಗಲಿ, ಇಪ್ಪತ್ತು ವರುಷ ದುಡಿದ ಪೆಟ್ರೋಲ್ ಕಾರೊಂದು ಸೆಲ್ಫ್ ತಿರುಗಿಯೂ ಎಂಜಿನ್ ಹತ್ತದೆ ನಿಂತುಬಿಟ್ಟಾಗ, ಗ್ಯಾರೇಜಿನ ಮಿಸ್ತ್ರಿಯ ಬಾಯಿಂದ ಹೊರಡುವ ತೀರ್ಪು ಬಹುಮಟ್ಟಿಗೆ ಒಂದೇ ತೆರನಾದುದು: “ಇದರ ಕಂಪ್ಯೂಟರ್ ಹೋಗ್ಯಾದ್ರಿ.” ಆ ಪೆಟ್ಟಿಗೆ ಎಲ್ಲಿದೆ, ಏನು ಮಾಡುತ್ತದೆ ಎಂಬುದು ಕಾರಿನ ಒಡೆಯನಿಗೆ ತಿಳಿಯದು; ಅದರ ಒಳಗನ್ನು ತೆರೆದು ನೋಡಿದ ಪರಿಚಯ ಮಿಸ್ತ್ರಿಗೂ ವಿರಳ; ಆದಕಾರಣ ಈ ತೀರ್ಪಿಗೆ ಮೇಲ್ಮನವಿಯೆಂಬುದೇ ಇಲ್ಲದೆ, ಹೊಸ ಪೆಟ್ಟಿಗೆಗೋ ಗುಜರಿಯ ಪೆಟ್ಟಿಗೆಗೋ ಹಣವನ್ನು ಎಣಿಸಿಕೊಡುವುದೊಂದೇ ಉಳಿಯುತ್ತದೆ. ನಾನು ಬಲ್ಲಮಟ್ಟಿಗೆ ಈ ಪೆಟ್ಟಿಗೆಯು ಕೆಡುವುದು ಅಪರೂಪ. ಕೆಟ್ಟಾಗ ಅದನ್ನು ಕೆಡಿಸಿದ ಕಾರಣವು ಸಾಧಾರಣವಾಗಿ ಹೊರಗಿರುತ್ತದೆ. ಮತ್ತು ಹಾಗೆ ಕೆಟ್ಟವುಗಳಲ್ಲಿಯೂ ಹಲವನ್ನು ಅಲ್ಪವೆಚ್ಚದಲ್ಲಿ ಸರಿಪಡಿಸಲು ಸಾಧ್ಯವಿದೆ.

ಈ ವಸ್ತುವು ನಮ್ಮ ಮಧ್ಯಮವರ್ಗದ ಮನೆಯಂಗಳಕ್ಕೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ಎಂಜಿನ್ನಿಗೆ ಪೆಟ್ರೋಲನ್ನು ಉಣಿಸುತ್ತಿದ್ದುದು ಕಾರ್ಬ್ಯುರೇಟರು. ಒಂದು ಸ್ಕ್ರೂಡ್ರೈವರು ಮತ್ತು ಎಂಜಿನ್ನಿನ ನಾದವನ್ನು ಗ್ರಹಿಸಬಲ್ಲ ಕಿವಿ, ಇವೆರಡಿದ್ದರೆ ಅದನ್ನು ಹದಗೊಳಿಸಬಹುದಾಗಿತ್ತು. 1999ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ರಾಜಧಾನಿ ಪ್ರದೇಶದ ಹೊಸ ಕಾರುಗಳಿಗೆ ಯೂರೋ ಮಾನದಂಡವನ್ನು ಕಡ್ಡಾಯಗೊಳಿಸಿತು. ಅನಂತರ ಭಾರತ್ ಸ್ಟೇಜ್ ಎರಡು ಎಂಬ ನಿಯಮವು 2005ರ ಏಪ್ರಿಲಿನಿಂದ ದೇಶಕ್ಕೆಲ್ಲ ಅನ್ವಯಿಸಿತು. ಹೊಗೆಯ ಈ ಕಟ್ಟುಪಾಡಿಗೆ ಕಾರ್ಬ್ಯುರೇಟರಿನ ಒರಟು ಲೆಕ್ಕವು ಸಾಲದೆ, ಗಣಕದ ಅಂಕೆಯಲ್ಲಿ ಇಂಜೆಕ್ಟರುಗಳಿಂದ ಪೆಟ್ರೋಲನ್ನು ಚಿಮ್ಮಿಸುವ, ಎಂ.ಪಿ.ಎಫ್.ಐ. ಎಂದು ಡಿಕ್ಕಿಯ ಮೇಲೆ ಹೆಮ್ಮೆಯಿಂದ ಬರೆಸಿಕೊಂಡ ಕಾರುಗಳು ಬಂದವು. ವಿದ್ಯೆಯೇನೂ ಆಗ ಹೊಸದಲ್ಲ. ಜರ್ಮನಿಯ ಬಾಷ್ ಸಂಸ್ಥೆಯು 1967ರಲ್ಲಿಯೇ ಬಿಡಿಬಿಡಿ ಟ್ರಾನ್ಸಿಸ್ಟರುಗಳ ನಿಯಂತ್ರಕವೊಂದನ್ನು ಫೋಕ್ಸ್‌ವ್ಯಾಗನ್ ಕಾರಿಗೆ ಜೋಡಿಸಿತ್ತು. 1979ರಲ್ಲಿ ಅದೇ ಸಂಸ್ಥೆಯ ಮೋಟ್ರೋನಿಕ್ ಎಂಬ ಗಣಕವು ಬಿ.ಎಂ.ಡಬ್ಲ್ಯು. 732ಐ ಕಾರಿನಲ್ಲಿ ಪೆಟ್ರೋಲು ಮತ್ತು ಕಿಡಿ ಎರಡರ ಹೊಣೆಯನ್ನೂ ವಹಿಸಿಕೊಂಡಿತು. ಇದೇ ಬಾಷಿನ ನಂಟಿನಿಂದ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗನ್ನು ತಿಳಿಯದ ಮಿಸ್ತ್ರಿ ಕರ್ನಾಟಕದಲ್ಲಿ ಇರಲಾರನು.

ಗಣಕದ ಕಾರ್ಯವನ್ನು ಯಾವ ನಿಗೂಢತೆಯೂ ಇಲ್ಲದೆ ವಿವರಿಸಬಹುದು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಒಳಸೇರುವ ಗಾಳಿಯ ಒತ್ತಡವೆಷ್ಟು, ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಕ್ರ್ಯಾಂಕು ಯಾವ ಸ್ಥಾನದಲ್ಲಿ ತಿರುಗುತ್ತಿದೆ ಎಂಬ ವರ್ತಮಾನವನ್ನು ಸೆನ್ಸರುಗಳಿಂದ ಪಡೆದು, ಪ್ರತಿಯೊಂದು ಇಂಜೆಕ್ಟರನ್ನೂ ಇಂತಿಷ್ಟು ಮಿಲಿಸೆಕೆಂಡು ತೆರೆಯತಕ್ಕದ್ದೆಂದು ಅದು ನಿರ್ಣಯಿಸುತ್ತದೆ. ನಿಂತಲ್ಲೇ ಮೆಲ್ಲಗೆ ಓಡುವ ಎಂಜಿನ್ನಿಗೆ ಎರಡು ಮೂರು ಮಿಲಿಸೆಕೆಂಡು ಸಾಕು. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ, ಎರಡು ಸುತ್ತಿಗೊಮ್ಮೆ ಚಿಮ್ಮುವ ಇಂಜೆಕ್ಟರಿನ ಪರವಾಗಿ, ಈ ನಿರ್ಣಯವು ಸೆಕೆಂಡಿಗೆ ಇಪ್ಪತ್ತೈದು ಬಾರಿ ಹೊರಬೀಳಬೇಕು. ವರ್ತಮಾನವು ಸುಳ್ಳಾದರೆ ನಿರ್ಣಯವೂ ತಪ್ಪಾಗುವುದು ಸಹಜವಷ್ಟೆ. ಎಂಜಿನ್ ನೀರಿನ ಉಷ್ಣತೆಯನ್ನು ತಿಳಿಸುವ ಸೆನ್ಸರಿನ ತಂತಿ ಕಡಿದುಹೋಗಿದೆಯೆಂದಿಟ್ಟುಕೊಳ್ಳಿ: ಅದನ್ನು ಗಣಕವು ಮೈನಸ್ 40 ಡಿಗ್ರಿಯ ಚಳಿಯೆಂದು ಓದಬಹುದು. ಬೀದರಿನ ಮೇ ತಿಂಗಳಿನ ನಲವತ್ತರ ಬಿಸಿಲಿನಲ್ಲಿ ನಿಂತ ಕಾರಿಗೆ ಹಿಮಪ್ರದೇಶದ ಪ್ರಮಾಣದಲ್ಲಿ ಪೆಟ್ರೋಲನ್ನು ಸುರಿದರೆ ಕರಿಹೊಗೆ ಬಾರದೆ ಮತ್ತೇನು ಬಂದೀತು? ತಯಾರಕರು ಬದಲಿ ಲೆಕ್ಕವನ್ನು ಅಳವಡಿಸಿರುವ ಗಣಕಗಳು ಈ ಅತಿರೇಕವನ್ನು ತಡೆಯುವುದುಂಟು. ಹಳೆಯವುಗಳಲ್ಲಿ ಎಲ್ಲಕ್ಕೂ ಆ ಜಾಣ್ಮೆಯಿಲ್ಲ.

ಇನ್ನು ಪರೀಕ್ಷೆಯ ಮಾತು. 2004ರ ಸುಮಾರಿನ ಒಂದು ಆಲ್ಟೊ ಔರಾದದಿಂದ ಬೀದರಿಗೆ ಹೊರಟು ಸಂತಪೂರದ ಬಳಿ ನಿಂತುಹೋಯಿತು, ಮತ್ತೆ ಹತ್ತಲೊಲ್ಲದು ಎಂದು ಭಾವಿಸೋಣ. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯದೆ, ಮೀಟರ್ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪವು ಬೆಳಗುತ್ತದೆಯೇ ಎಂದು ನೋಡುವುದೇ ಮೊದಲ ಕೆಲಸ. ಜೊತೆಗೆ ಹಿಂದಿನ ಸೀಟಿನತ್ತ ಕಿವಿಗೊಟ್ಟರೆ ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡು ಗುಂಯ್ಗುಟ್ಟಿ ನಿಲ್ಲುವುದು ಕೇಳಬೇಕು. ದೀಪ ಬೆಳಗಿ ಪಂಪು ಗುಂಯ್ಗುಟ್ಟಿದರೆ ಗಣಕವು ಎಚ್ಚರವಾಗಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು, ಆಗ ಅದರ ಮೇಲಿನ ಸಂಶಯವನ್ನು ತತ್ಕಾಲಕ್ಕೆ ಕೈಬಿಡತಕ್ಕದ್ದು. ಎರಡೂ ಇಲ್ಲವಾದರೆ? ಆಗಲೂ ಪೆಟ್ಟಿಗೆಯನ್ನು ದೂಷಿಸಲಾಗದು; ಅದಕ್ಕೆ ವಿದ್ಯುತ್ತು ತಲುಪುತ್ತಿಲ್ಲವೆಂದಷ್ಟೇ ಅದರ ಅರ್ಥವಾಗಿರಬಹುದು. ಫ್ಯೂಸು, ಮುಖ್ಯ ರಿಲೇ, ಕೀಲಿಯ ಸ್ವಿಚ್ಚು, ಕೊನೆಗೆ ಆ ದೀಪದ ಬಲ್ಬು, ಇವಿಷ್ಟೂ ನಡುವೆ ನಿಂತಿವೆ.

ಇಲ್ಲಿ ನೌಬಾದಿನ ಕಾರೇಜು ನೆನಪಿಗೆ ಬರುತ್ತದೆ. ಬಹಮನಿಗಳ ಕಾಲದ ಆ ಭೂಗತ ಜಲಮಾರ್ಗದಲ್ಲಿ ತುದಿಗೆ ನೀರು ಬಾರದಿದ್ದರೆ ತುದಿಯ ಬಾವಿಯನ್ನು ಅಗೆದು ಪ್ರಯೋಜನವಿಲ್ಲ. ಒಂದೊಂದೇ ಕಿಂಡಿಬಾವಿಯಲ್ಲಿ ಇಣುಕುತ್ತ ಮೇಲ್ಮುಖವಾಗಿ ನಡೆದು, ಎಲ್ಲಿಯತನಕ ನೀರಿದೆ, ಎಲ್ಲಿಂದಾಚೆಗೆ ಇಲ್ಲ ಎಂಬುದನ್ನು ಕಂಡುಕೊಳ್ಳಬೇಕು. ಮಲ್ಟಿಮೀಟರನ್ನು ಹಿಡಿದವನ ಕ್ರಮವೂ ಅದೇ. ಬ್ಯಾಟರಿಯಲ್ಲಿ 12.6 ವೋಲ್ಟು ಉಂಟೆ, ಸೆಲ್ಫ್ ಹೊಡೆಯುವಾಗ ಅದು ಹತ್ತಕ್ಕಿಂತ ಬಹಳ ಕೆಳಗೆ ಕುಸಿಯುತ್ತದೆಯೆ, ಏಕೆಂದರೆ ಹಾಗೆ ಕುಸಿದರೆ ಸೆಲ್ಫಿನ ಮೋಟಾರು ತಿರುಗುತ್ತಿದ್ದರೂ ಗಣಕವು ನಡುವೆಯೇ ಮೂರ್ಛೆಹೋಗುತ್ತದೆ, ಫ್ಯೂಸಿನಾಚೆಗೆ ಅದೇ ವೋಲ್ಟು ದೊರೆಯುತ್ತದೆಯೆ, ರಿಲೇಯಿಂದ ಹೊರಬರುತ್ತದೆಯೆ, ಪೆಟ್ಟಿಗೆಯ ಕನೆಕ್ಟರಿನ ಪಿನ್ನಿನವರೆಗೆ ತಲುಪುತ್ತದೆಯೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ಬಂದ ವಿದ್ಯುತ್ತು ಮರಳಿ ಹೋಗುವ ಹಾದಿಯನ್ನು, ಎಂದರೆ ಅರ್ಥಿಂಗನ್ನು, ನಮ್ಮಲ್ಲಿ ಪರೀಕ್ಷಿಸುವವರು ಕಡಿಮೆ. ಎಂಜಿನ್ನಿನ ಮೈಗೆ ಬೋಲ್ಟು ಹಾಕಿ ಬಿಗಿದ ಆ ಕರಿಯ ತಂತಿಯ ತುದಿಯು ಇಪ್ಪತ್ತು ಮಳೆಗಾಲಗಳ ತುಕ್ಕನ್ನು ಉಂಡು, ಕಣ್ಣಿಗೆ ಬಿಗಿಯಾಗಿ ಕಂಡರೂ ಒಳಗೆ ಸಡಿಲವಾಗಿರುತ್ತದೆ. ಬ್ಯಾಟರಿಯ ಋಣ ಕಂಬಕ್ಕೊಂದು, ಗಣಕದ ಅರ್ಥ್ ಪಿನ್ನಿಗೊಂದು ಮೀಟರಿನ ಮೊನೆಯನ್ನು ಇಟ್ಟು ಸೆಲ್ಫ್ ಹೊಡೆಸಿದಾಗ, ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಮೊದಲು ಆ ಬೋಲ್ಟನ್ನು ಬಿಚ್ಚಿ ಮರಳುಕಾಗದದಿಂದ ಉಜ್ಜುವುದು ಲೇಸು. ಗಣಕವನ್ನು ಬದಲಿಸುವಾಗ ಕೈಸೋಕಿ ಈ ತಂತಿ ಬಿಗಿಯಾಗಿ, ಕಾರು ಹತ್ತಿ, ಕೀರ್ತಿಯೆಲ್ಲ ಹೊಸ ಪೆಟ್ಟಿಗೆಗೆ ಸಂದ ನಿದರ್ಶನಗಳು ಕಡಿಮೆಯಿರಲಾರವು.

ತನ್ನ ಕ್ಲೇಶವನ್ನು ತಾನೇ ಹೇಳಿಕೊಳ್ಳುವ ಶಕ್ತಿಯೂ ಈ ಯಂತ್ರಕ್ಕೆ ಉಂಟು. ಆ ಕಾಲದ ಮಾರುತಿ ಕಾರುಗಳಲ್ಲಿ ಹಲವಕ್ಕೆ ಸ್ಕ್ಯಾನರು ಕೂಡ ಬೇಕಿಲ್ಲ. ಪರೀಕ್ಷೆಗೆಂದು ಬಿಟ್ಟಿರುವ ಚಿಕ್ಕ ಕನೆಕ್ಟರಿನ ಗೊತ್ತಾದ ಎರಡು ಪಿನ್ನುಗಳನ್ನು ತುಂಡುತಂತಿಯಿಂದ ಕೂಡಿಸಿದರೆ ಎಂಜಿನ್ ದೀಪವು ಮಿನುಗಿ ಸಂಖ್ಯೆಯನ್ನು ಹೇಳುತ್ತದೆ. ಒಮ್ಮೆ ಮಿನುಗಿ, ತಡೆದು, ಎರಡು ಬಾರಿ ಮಿನುಗಿದರೆ ಅದು 12. ದೋಷವೇನೂ ದಾಖಲಾಗಿಲ್ಲವೆಂದು ಅರ್ಥ. ಹನ್ನೆರಡನ್ನು ಹೇಳುವಷ್ಟು ಸ್ವಸ್ಥವಾಗಿರುವ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ಅನ್ಯಾಯವಲ್ಲವೆ? ಆದರೆ ಸಂಕೇತಸಂಖ್ಯೆಯನ್ನು ಓದಿದೊಡನೆ ಆ ಸೆನ್ಸರನ್ನೇ ಕೊಂಡುತರುವುದೂ ಅಷ್ಟೇ ಅವಿಚಾರ. ಗಣಕಕ್ಕೆ ಗೊತ್ತಿರುವುದು ವರ್ತಮಾನವು ಅಸಂಬದ್ಧವಾಗಿ ಬಂದಿತೆಂಬುದು ಮಾತ್ರ. ಹೇಳಿದವನು ಸುಳ್ಳನೋ, ನಡುವಿನ ತಂತಿ ಕಡಿದಿದೆಯೋ, ಇಲಿ ಕಚ್ಚಿದೆಯೋ ಎಂಬುದನ್ನು ಅದು ಬಲ್ಲದಲ್ಲ. ಆಟೋಗ್ಯಾಸ್ ಕಿಟ್ಟನ್ನು ಕೂಡಿಸುವಾಗ ಇಂಜೆಕ್ಟರಿನ ತಂತಿಗಳನ್ನು ಕೊಯ್ದು, ಬೆಸುಗೆಯಿಲ್ಲದೆ ಬರಿದೆ ಹುರಿಹೊಸೆದು, ಮೇಲೆ ಟೇಪು ಸುತ್ತಿದ ಕಾರುಗಳಲ್ಲಂತೂ ಮೊದಲು ಆ ಟೇಪನ್ನೇ ಬಿಚ್ಚಿ ನೋಡಬೇಕು.

ಸೆನ್ಸರುಗಳ ಪರೀಕ್ಷೆಯಲ್ಲಿ ಐದು ವೋಲ್ಟಿನ ವಿಚಾರವು ಮುಖ್ಯ. ಹನ್ನೆರಡು ವೋಲ್ಟನ್ನು ಗಣಕವು ತನ್ನೊಳಗೆ ಐದಕ್ಕೆ ಇಳಿಸಿ, ಒತ್ತಡದ ಸೆನ್ಸರು, ಥ್ರಾಟಲಿನ ಸೆನ್ಸರು ಮೊದಲಾದವುಗಳಿಗೆ ಹಂಚುತ್ತದೆ. ಅಲ್ಲಿ ಐದು ಕಾಣದಿದ್ದರೆ ಗಣಕದ ದೋಷವೆಂದು ಕೂಡಲೇ ಸಾರುವವರುಂಟು. ಆದರೆ ಒಂದು ಸೆನ್ಸರು ಒಳಗೆ ಶಾರ್ಟಾದರೂ ಸಾಲಿನ ಐದೂ ವೋಲ್ಟು ನೆಲಕಚ್ಚುತ್ತದೆ. ಅದರಿಂದ ಸೆನ್ಸರುಗಳ ಕನೆಕ್ಟರನ್ನು ಒಂದಾದ ಮೇಲೊಂದರಂತೆ ಕಳಚುತ್ತ ಮೀಟರನ್ನು ನೋಡಬೇಕು. ಯಾವುದನ್ನು ಕಳಚಿದಾಗ ಐದು ಮರಳುವುದೋ ಅದೇ ದೋಷಿ. ಎಲ್ಲವನ್ನೂ ಕಳಚಿ, ತಂತಿಯೂ ಶುದ್ಧವೆಂದು ಕಂಡ ಬಳಿಕವೂ ಮರಳದಿದ್ದರೆ ಮಾತ್ರ ಬೆರಳು ಪೆಟ್ಟಿಗೆಯತ್ತ ತಿರುಗಬಹುದು. ಒತ್ತಡದ ಸೆನ್ಸರಿಗೆ ನಮ್ಮೂರಿನದೇ ಆದ ಒಂದು ಸುಲಭ ಪರೀಕ್ಷೆಯಿದೆ. ಕೀಲಿ ಆನ್ ಆಗಿದ್ದು ಎಂಜಿನ್ ನಿಂತಿರುವಾಗ ಅದು ಹೊರಗಿನ ವಾಯುವಿನ ಒತ್ತಡವನ್ನೇ ತೋರಿಸಬೇಕು. ಕಡಲತೀರದ ಮಂಗಳೂರಿನಲ್ಲಿ ಸ್ಕ್ಯಾನರಿನ ಮೇಲೆ 101 ಕಿಲೋಪ್ಯಾಸ್ಕಲ್ ಬಂದರೆ ಸರಿ, ಆದರೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮಿಗಿಲಾದ ಬೀದರಿನ ಪ್ರಸ್ಥಭೂಮಿಯಲ್ಲಿ ಅದು 94ರ ಆಸುಪಾಸಿನಲ್ಲಿರತಕ್ಕದ್ದು. ಬೀದರಿನಲ್ಲಿ 101 ತೋರಿಸುವ ಸೆನ್ಸರನ್ನು ನಂಬಿದ ಗಣಕವು ಇಲ್ಲದ ಗಾಳಿಗೂ ಪೆಟ್ರೋಲು ಬಡಿಸುತ್ತದೆ. ನೀರಿನ ಉಷ್ಣತೆಯ ಸೆನ್ಸರಿಗೆ ಓಮ್ ಮಾಪನವೇ ಸಾಕು: ಇಪ್ಪತ್ತು ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್‌ನ ಸಮೀಪವಿದ್ದು, ಎಂಬತ್ತು ಡಿಗ್ರಿಗೆ ಏರುವಾಗ ಮುನ್ನೂರರ ಸಮೀಪಕ್ಕೆ ಇಳಿಯುವುದು ಅನೇಕ ಕಾರುಗಳಲ್ಲಿ ಸಾಮಾನ್ಯ.

ಹೊರಹೋಗುವ ಆಜ್ಞೆಗಳಲ್ಲಿ ಇಂಜೆಕ್ಟರನ್ನು ನೋಡಿದರೆ ಬಹುಪಾಲು ತಿಳಿಯುತ್ತದೆ. ಕೀಲಿ ಆನ್ ಆಗಿರುವಷ್ಟು ಹೊತ್ತೂ ಇಂಜೆಕ್ಟರಿಗೆ ಹನ್ನೆರಡು ವೋಲ್ಟು ದೊರೆಯುತ್ತಿರುತ್ತದೆ. ಗಣಕವು ಮಾಡುವುದು ಅದರ ಇನ್ನೊಂದು ತುದಿಯನ್ನು ಕ್ಷಣಕಾಲ ಅರ್ಥಿಗೆ ಮುಟ್ಟಿಸುವುದಷ್ಟೆ. ಕನೆಕ್ಟರನ್ನು ಕಳಚಿ ಅಲ್ಲಿ ಪುಟ್ಟ ಪರೀಕ್ಷಾದೀಪವನ್ನು ಸಿಕ್ಕಿಸಿ ಸೆಲ್ಫ್ ಹೊಡೆಸಿದಾಗ ಅದು ಮಿನುಗಬೇಕು. ನಮ್ಮ ಆಲ್ಟೊದ ಮೂರೂ ಇಂಜೆಕ್ಟರುಗಳಲ್ಲಿ ಮಿನುಗದಿದ್ದರೆ ಕ್ರ್ಯಾಂಕಿನ ವರ್ತಮಾನವೇ ಬರುತ್ತಿಲ್ಲವೇನೋ ಎಂದು ಹಿಂದಕ್ಕೆ ಹೋಗಬೇಕು. ಎರಡರಲ್ಲಿ ಮಿನುಗಿ ಒಂದರಲ್ಲಿ ಮಾತ್ರ ಕತ್ತಲಾಗಿದ್ದು, ಅದರ ತಂತಿಯು ಪೆಟ್ಟಿಗೆಯವರೆಗೆ ಅಖಂಡವಾಗಿದ್ದರೆ, ಗಣಕದೊಳಗೆ ಆ ಇಂಜೆಕ್ಟರನ್ನು ಆಳುವ ಟ್ರಾನ್ಸಿಸ್ಟರು ಸತ್ತಿದೆಯೆಂದು ಧೈರ್ಯವಾಗಿ ಹೇಳಬಹುದು. ಪೆಟ್ಟಿಗೆಯನ್ನು ಬಿಚ್ಚುವ ಅಧಿಕಾರವು ಬರುವುದು ಈ ಹಂತದಲ್ಲಿ, ಅದಕ್ಕೂ ಮೊದಲಲ್ಲ.

ಬಿಚ್ಚಬೇಕಾದರೆ ಮೊದಲು ಅದು ಸಿಕ್ಕಬೇಕಷ್ಟೆ. ಹಳೆಯ ಸಣ್ಣ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ, ಗ್ಲೋವ್ ಬಾಕ್ಸಿನ ಹಿಂದೆ, ಇಲ್ಲವೆ ಕಾಲಿಡುವ ಎಡೆಯ ಪಕ್ಕದ ಹಲಗೆಯ ಒಳಗೆ ಅಂಗೈಯಗಲದ ಅಲ್ಯೂಮಿನಿಯಮ್ ಡಬ್ಬಿಯೊಂದು ಹತ್ತಾರು ತಂತಿಗಳ ಕಟ್ಟಿನೊಂದಿಗೆ ಕುಳಿತಿರುತ್ತದೆ; ಕೆಲವು ಕಾರುಗಳಲ್ಲಿ ಸೀಟಿನ ಅಡಿಯಲ್ಲಿ, ಈಚಿನವುಗಳಲ್ಲಿ ಬಾನೆಟ್ಟಿನ ಕೆಳಗೆ. ಗಾಜಿನ ರಬ್ಬರಿನಿಂದ ಸೋರಿದ ಮಳೆನೀರೂ ಎ.ಸಿ.ಯ ನೀರೂ ಇಳಿಯುವ ಜಾಗಕ್ಕೇ ಇದನ್ನು ತಂದು ಕೂರಿಸಿದ ತಯಾರಕರ ವಿವೇಕವನ್ನು ನಾನು ಮೆಚ್ಚಲಾರೆ. ಬ್ಯಾಟರಿಯ ಋಣ ತಂತಿಯನ್ನು ಕಳಚದೆ ಇದರ ಕನೆಕ್ಟರನ್ನು ಬಿಚ್ಚಕೂಡದು. 2020ರ ಅಕ್ಟೋಬರಿನ ಹೈದರಾಬಾದಿನ ಜಲಪ್ರಳಯದಂತಹ ಸಂದರ್ಭದಲ್ಲಿ ಮುಳುಗೆದ್ದ ಕಾರು ಅಗ್ಗವಾಗಿ ದೊರೆತಾಗ, ಆ ಡಬ್ಬಿಯ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ಎಂದು ನೋಡುವವನು ಸೀಟಿನ ಹೊಲಿಗೆಯನ್ನು ನೋಡುವವನಿಗಿಂತ ಜಾಣ.

ಒಳಗೆ ಕೆಡುವ ವಸ್ತುಗಳು ಕೆಲವೇ. ಕಂಪನದಿಂದಲೂ ಶಾಖದಿಂದಲೂ ಕನೆಕ್ಟರಿನ ಪಿನ್ನುಗಳ ಬುಡದ ಬೆಸುಗೆಯು ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ತಣ್ಣಗಿರುವಾಗ ಹತ್ತಿ, ಬಿಸಿಯಾದಾಗ ನಿಲ್ಲುವ ಕಾರಿನಲ್ಲಿ ಇದನ್ನು ಭೂತಗನ್ನಡಿಯಿಂದ ಹುಡುಕಬೇಕು. ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಇನ್ನೊಂದು ಜಾತಿ. ಅವುಗಳೊಳಗಿನ ದ್ರವವು ವಯಸ್ಸಿನಿಂದ ಸೋರಿ, ಕೆಳಗಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. 1990ರ ದಶಕದ ಆರಂಭದ ಮಿತ್ಸುಬಿಷಿ ಕಾರುಗಳು ಈ ವ್ಯಾಧಿಗೆ ಪ್ರಸಿದ್ಧವಾದವು. ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಕೆಪಾಸಿಟರಿನ ಆಯುಷ್ಯವು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಜ್ಞರ ಸ್ಥೂಲ ನಿಯಮ. ಬೇಸಗೆಯಲ್ಲಿ ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅರವತ್ತು ಡಿಗ್ರಿಯಾಗುವ ನಮ್ಮ ಸೀಮೆಯಲ್ಲಿ ಈ ನಿಯಮವನ್ನು ಮರೆಯುವಂತಿಲ್ಲ. ಹೊಸದನ್ನು ಹಾಕುವಾಗ 105 ಡಿಗ್ರಿಯ ದರ್ಜೆಯದನ್ನೇ, ವೋಲ್ಟಿನಲ್ಲಿ ಮೊದಲಿಗಿಂತ ಕಡಿಮೆಯಾಗದಂತೆ, ಧನ ಋಣಗಳನ್ನು ಅದಲುಬದಲು ಮಾಡದಂತೆ ಹಾಕತಕ್ಕದ್ದು. ಸುಟ್ಟ ಟ್ರಾನ್ಸಿಸ್ಟರು, ಬ್ಯಾಟರಿಯನ್ನು ತಿರುಗುಮುರುಗಾಗಿ ಕೂಡಿಸಿದಾಗ ತಾನು ಸತ್ತು ಉಳಿದವನ್ನು ಕಾಯುವ ಡಯೋಡು, ಇವೂ ಬದಲಿಸಬಹುದಾದವೇ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಇವುಗಳನ್ನು ಅರಸಬಹುದು. ಗಣಿಸುವ ಚಿಪ್ಪೇ ಹೋಗಿದ್ದರೆ ಮಾತ್ರ ಪ್ರಯತ್ನವನ್ನು ಬಿಡಬೇಕಾದೀತು, ಅದು ಹೋಗುವುದು ಕಡಿಮೆ.

ಬೆಸುಗೆಯ ವಿಷಯದಲ್ಲಿ ಬೀದರಿನವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತುಂಟು. ಸತುವು ಮತ್ತು ತಾಮ್ರದ ಬಿದರಿ ಪಾತ್ರೆಗೆ ಕೋಟೆಯ ಮಣ್ಣಿನೊಂದಿಗೆ ನವಸಾಗರವನ್ನು ಕಲಸಿ ಬಳಿದು, ಬೆಳ್ಳಿಯನ್ನು ಬೆಳಗಿಸುವ ಆ ಅಪೂರ್ವ ಕಪ್ಪನ್ನು ಬರಿಸುವ ಕುಶಲಿಗಳ ಊರಿದು. ಕಲಾಯಿ ಹಾಕುವವರಿಗೂ ನವಸಾಗರವು ನಿತ್ಯದ ಸಾಮಗ್ರಿ. ಅದೇ ನವಸಾಗರವಾಗಲಿ, ರೇಡಿಯೇಟರ್ ಬೆಸೆಯುವವರ ತೇಜಾಬಾಗಲಿ ಗಣಕದೊಳಗಿನ ಸರ್ಕಿಟ್ ಹಲಗೆಯನ್ನು ಸೋಂಕಿದರೆ ತಾಮ್ರದ ಗೆರೆಗಳು ಆರೇ ತಿಂಗಳಲ್ಲಿ ಕಿಲುಬೆದ್ದು ನಾಶವಾಗಬಹುದು. ಇಲ್ಲಿ ಸಲ್ಲುವುದು ರಾಳದ ಫ್ಲಕ್ಸು ಮಾತ್ರ. 183 ಡಿಗ್ರಿಯಲ್ಲಿ ಕರಗುವ ತವರ-ಸೀಸದ ತಂತಿ, ಶಾಖವನ್ನು ಅಂಕೆಯಲ್ಲಿಡುವ ಬೆಸುಗೆಕೋಲು, ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲು, ಕಡೆಗೆ ಮೇಲೊಂದು ತೆಳುವಾದ ರಕ್ಷಾಲೇಪ.

ಇಷ್ಟೆಲ್ಲ ಮಾಡಿ ಕಾರಣವನ್ನು ಹುಡುಕದೆ ಬಿಟ್ಟರೆ ದುರಸ್ತಿಯು ವ್ಯರ್ಥ. ಟ್ರಾನ್ಸಿಸ್ಟರು ತಾನಾಗಿ ಸಾಯುವುದು ವಿರಳ. ಹನ್ನೆರಡರಿಂದ ಹದಿನಾರು ಓಮ್ ಇರಬೇಕಾದ ಇಂಜೆಕ್ಟರು ಎರಡು ಓಮಿಗೆ ಇಳಿದು, ಅತಿಪ್ರವಾಹದಿಂದ ಅದನ್ನು ಕೊಂದಿರುತ್ತದೆ, ಮತ್ತು ಆ ಇಂಜೆಕ್ಟರು ಅಲ್ಲೇ ಇದ್ದರೆ ಹೊಸ ಗಣಕವನ್ನೂ ಕೊಲ್ಲುತ್ತದೆ. ಕೊಲ್ಲುವ ಅಭ್ಯಾಸಗಳು ನಮ್ಮವೂ ಕೆಲವುಂಟು. ಡೈನಮೋ ಕಾಲದ ಹಿರಿಯ ಮಿಸ್ತ್ರಿಗಳು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆಯೆಂದು ಸಾರುವ ಒಂದು ಪರೀಕ್ಷೆಯನ್ನು ಶಿಷ್ಯರಿಗೆ ಕಲಿಸಿ ಹೋಗಿದ್ದಾರೆ. ಆಲ್ಟರ್ನೇಟರಿನ ಕಾರಿನಲ್ಲಿ ಆ ಕ್ಷಣಕ್ಕೆ ಎಂಬತ್ತು ವೋಲ್ಟಿನಷ್ಟು ಅಲೆಯೊಂದು ಏಳಬಹುದು. ಹೆದ್ದಾರಿಯಲ್ಲಿ ನಿಂತ ಕಾರಿಗೆ ಲಾರಿಯ ಬ್ಯಾಟರಿಗಳಿಂದ ತಂತಿ ಎಳೆದು ಜೀವ ಕೊಡಲು ಹೊರಡುವ ಪರೋಪಕಾರಿಗಳಿದ್ದಾರೆ. ಲಾರಿಯದು ಇಪ್ಪತ್ತನಾಲ್ಕು ವೋಲ್ಟೆಂಬುದು ಆ ಉತ್ಸಾಹದಲ್ಲಿ ನೆನಪಾಗುವುದಿಲ್ಲ. ತುಕ್ಕು ಹಿಡಿದ ತಳಕ್ಕೆ ತಗಡು ಬೆಸೆಯುವ ವೆಲ್ಡಿಂಗಿನವನು ಬ್ಯಾಟರಿಯನ್ನೂ ಗಣಕವನ್ನೂ ಕಳಚದೆ ಕೆಲಸ ಆರಂಭಿಸುತ್ತಾನೆ. ವಾಟರ್ ಸರ್ವಿಸಿಂಗಿನ ನೀರಿನ ಬಾಣವು ಕನೆಕ್ಟರುಗಳ ಸಂದಿಯನ್ನೇ ಅರಸಿ ನುಗ್ಗುತ್ತದೆ.

ಗುಜರಿಯ ಗಣಕವನ್ನು ತಂದು ಕೂಡಿಸುವ ಮಾರ್ಗದಲ್ಲಿಯೂ ಎಡರುಗಳಿವೆ. ಡಬ್ಬಿಯ ಮೇಲಿನ ಸಂಖ್ಯೆಯು ಅಕ್ಷರಶಃ ಹೊಂದಬೇಕು. ಹೊರನೋಟಕ್ಕೆ ಅವಳಿಗಳಂತಿರುವ ಎರಡು ಡಬ್ಬಿಗಳೊಳಗೆ ಬೇರೆ ಬೇರೆ ಎಂಜಿನ್ನುಗಳ ಲೆಕ್ಕವಿರುವುದುಂಟು. ಮಾರುತಿಯ ಐಕ್ಯಾಟ್ಸ್‌ನಂತಹ ಕಳ್ಳತನ ತಡೆಯುವ ವ್ಯವಸ್ಥೆಯಿರುವ ಕಾರಿನಲ್ಲಿ ಗಣಕವು ತನ್ನ ಕೀಲಿಯನ್ನಲ್ಲದೆ ಪರಕೀಲಿಯನ್ನು ಒಪ್ಪದು. ಹಾಗೆ ಒಪ್ಪದೆ ಎಂಜಿನ್ ಹತ್ತದಾದಾಗ “ತಂದ ಡಬ್ಬಿಯೂ ಕೆಟ್ಟದ” ಎಂದು ಇನ್ನೊಂದಕ್ಕೆ ದುಡ್ಡು ಕಳುಹಿಸುವುದು ಶುದ್ಧ ಅಪವ್ಯಯ. ಇದ್ದ ಡಬ್ಬಿಯನ್ನೇ ರಿಪೇರಿಮಾಡಿದರೆ ಈ ತೊಡಕು ಯಾವುದೂ ಇಲ್ಲ, ಕೀಲಿಯ ಪರಿಚಯವು ಅದರಲ್ಲೇ ಉಳಿದಿರುತ್ತದೆ.

ಕಾರು ಹಳೆಯದಾಯಿತು, ಬಿಡಬಾರದೆ ಎಂದು ಕೇಳುವವರಿಗೆ ಉತ್ತರ ಸುಲಭ. ಕೆ.ಎ. 38, ಕೆ.ಎ. 39 ಎಂಬ ಫಲಕ ಹೊತ್ತು ಹದಿನೈದು ವರುಷ ಪೂರೈಸಿದ ಕಾರಿನ ನೋಂದಣಿಯನ್ನು ಐದೈದು ವರುಷಕ್ಕೆ ನವೀಕರಿಸಲು ಕಾನೂನು ಎಡೆಯಿತ್ತಿದೆ. 2022ರ ಏಪ್ರಿಲಿನಲ್ಲಿ ಅದರ ಶುಲ್ಕವು ಆರುನೂರರಿಂದ ಐದು ಸಾವಿರ ರೂಪಾಯಿಗೆ ಏರಿತ್ತು; ಶುಲ್ಕ ಎಷ್ಟೇ ಆದರೂ ಹೊಸ ಕಾರಿನ ಮುಂದೆ ಅದು ಅಲ್ಪವೇ. ಹೊಗೆ ಪರೀಕ್ಷೆಯಲ್ಲಿ ಭಾರತ್ ಸ್ಟೇಜ್ ಎರಡರ ಪೆಟ್ರೋಲ್ ಕಾರು ಕಾರ್ಬನ್ ಮೊನಾಕ್ಸೈಡನ್ನು ಅರ್ಧ ಶೇಕಡಾದೊಳಗೆ ಇಡಬೇಕು. ಗಣಕವೂ ಸೆನ್ಸರುಗಳೂ ಸ್ವಸ್ಥವಾಗಿದ್ದರೆ ಆ ಮಿತಿಯೊಳಗಿರುವುದು ಮುದಿ ಎಂಜಿನ್ನಿಗೂ ಅಸಾಧ್ಯವೇನಲ್ಲ.

ಆದುದರಿಂದ ಕಾರಿನ ಒಡೆಯರಲ್ಲಿ ನನ್ನ ವಿನಂತಿ ಇಷ್ಟು: ಗಣಕ ಹೋಗಿದೆಯೆಂದು ಯಾರಾದರೂ ಹೇಳಿದರೆ, ಅದರ ಪಿನ್ನಿನಲ್ಲಿ ಹನ್ನೆರಡು ವೋಲ್ಟನ್ನೂ, ಸೆಲ್ಫ್ ಹೊಡೆಯುವಾಗ ಅರ್ಥಿಂಗನ್ನೂ, ಸೆನ್ಸರಿನ ಐದು ವೋಲ್ಟನ್ನೂ ನಿಮ್ಮೆದುರಿನಲ್ಲೇ ಮೀಟರಿನಿಂದ ಅಳೆದು ತೋರಿಸುವಂತೆ ಕೇಳಿರಿ, ಮೀಟರಿಲ್ಲದೆ ಹೇಳಿದ ಮಾತಿಗೆ ಹಣ ಕೊಡಬೇಡಿರಿ, ಬದಲಿಸಲೇಬೇಕಾಗಿ ಬಂದರೆ, ತೆಗೆದ ಹಳೆಯ ಪೆಟ್ಟಿಗೆಯನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ಕೊಂಡೊಯ್ಯಿರಿ.